ಪಕ್ಕದ ಸೀಟಿನ ಮರಳುಚೀಲ

ಭಾನುವಾರ ಬೆಳಿಗ್ಗೆ ಏಳು ನಲವತ್ತಕ್ಕೆ ನಮ್ಮ ಯಾರ್ಕ್‌ಷೈರ್ ಬೀದಿಯ ಕ್ಲಿಫರ್ಡ್, ಮನೆಯಲ್ಲೇ ಜೋಡಿಸಿದ ತನ್ನ ಸ್ಪೋರ್ಟ್ಸ್ ಕಾರಿನ ಹಿಂದೆ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ, ಡಿಫ್ಯೂಸರ್ ಕೂರಿಸುತ್ತಿದ್ದ. ವೇಗದಲ್ಲಿ ಅಡಿಯ ಗಾಳಿಯನ್ನು ಹಿಂದಕ್ಕೆಳೆದು ಕಾರನ್ನು ರಸ್ತೆಗೆ ಅಂಟಿಸುವ ತಟ್ಟೆ ಅದು. ಆ ಕಾರು ಇಂದಿಗೂ ಕರಿದ ಮೀನು, ಚಿಪ್ಸ್ ಮಾರುವ ಅಂಗಡಿಯ ತಿರುವು ದಾಟಿಲ್ಲ. ಕ್ಲಿಫರ್ಡನಿಗೆ ಮಾತ್ರ ಅದು ಹಾರಿಹೋದೀತೆಂಬ ಭಯ. "ಚಿಪ್ಸ್ ತರೋ ಗಾಡಿಗೆ ಇದೆಲ್ಲ ಯಾಕಯ್ಯಾ?" ಎಂದರೆ, "ತಿರುವಲ್ಲಿ ಗೊತ್ತಾಗತ್ತೆ" ಎನ್ನುತ್ತಾನೆ. ಮೊದಲು ರಟ್ಟಿನಲ್ಲಿ ಕತ್ತರಿಸುತ್ತಾನೆ, ಆಮೇಲೆ ತಗಡಿನಲ್ಲಿ, ತಪ್ಪಾಯಿತೆಂದು ಮತ್ತೆ ರಟ್ಟಿನಲ್ಲಿ. ಅಷ್ಟರಲ್ಲಿ ಚಹಾ ಆರಿರುತ್ತದೆ. ತಟ್ಟೆ ರಸ್ತೆಗೆ ಉಜ್ಜಬಾರದಲ್ಲ, ಅದಕ್ಕೇ ಎತ್ತರ ಅಳೆಯುವಾಗ ಹೆಂಡತಿ ಇನಿಡಳಷ್ಟೇ ತೂಕದ, ಅರವತ್ತೆರಡು ಕಿಲೋ ಮರಳುಚೀಲವನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿಯುತ್ತಾನೆ. ಕಾರು ಮುಗಿದ ದಿನ ಅವಳನ್ನು ಸಮುದ್ರದವರೆಗೆ ಕರೆದೊಯ್ಯುವ ಮಾತು ಕೊಟ್ಟಿದ್ದಾನೆ. ಈ ವಸಂತದಲ್ಲಿ ಆಸ್ಪತ್ರೆಯಿಂದ ಬಂದ ಇನಿಡ್ ಶಾಲು ಹೊದ್ದು ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಸ್ವಲ್ಪ ಮರಳು ತೆಗಿ ಮಾರಾಯ, ನಾನೀಗ ನಲವತ್ತಾರೇ ಕಿಲೋ" ಎಂದಳು. ಅವನು ನೆಲದಿಂದ ಕೆನ್ನೆ ಎತ್ತಲಿಲ್ಲ. "ಸಮುದ್ರಕ್ಕೆ ಹೋಗೋ ದಿನ," ಎಂದ, "ಅರವತ್ತೆರಡು."