ಕಾಗದಗಳ ಒಡೆಯ ಡಾರ್ಕೋ
ತೀರಿಹೋದ ಮುತ್ಸದ್ದಿ ಅಂಪೊಮಾರ ಖಾಸಗಿ ಕಾಗದಪತ್ರಗಳನ್ನು ಸರಕಾರ ಜನರ ತೆರಿಗೆ ಹಣದಲ್ಲಿ ಕೊಂಡಂದಿನಿಂದ, ಕುಮಾಸಿ ಪಟ್ಟಣಕ್ಕೆಲ್ಲ ವೋಫಾ ಅಂದರೆ ಸೋದರಮಾವನಾದ ಬಾಳೆಕಾಯಿ ವ್ಯಾಪಾರಿ ಡಾರ್ಕೋನ ನಡಿಗೆಯೇ ಬೇರೆ. ಸಂತೆ ಮುಗಿದದ್ದೇ ತಡ, ಪತ್ರಾಗಾರಕ್ಕೆ ಬಂದು, "ನನ್ನ ಕಾಗದ ಹೇಗಿವೆ? ಗೆದ್ದಲು ಗಿದ್ದಲು ಮುಟ್ಟಿಲ್ಲ ತಾನೆ?" ಎಂದು ಎಳೆಗೂಸಿನ ಕ್ಷೇಮ ಕೇಳುವಂತೆ ಕೇಳುತ್ತಾನೆ. ಮೊಣಕೈಯೂರಿ ಓದುವ ಪ್ರೊಫೆಸರರನ್ನೂ ಬಿಡುವುದಿಲ್ಲ: "ಮೆಲ್ಲಗಪ್ಪಾ, ಹಾಳೆ ನಿಮ್ಮಪ್ಪಂದಲ್ಲ, ನಂದು!" ಅಗ್ಗಕ್ಕೆ ಕೇಳುವ ಗಿರಾಕಿಗೆ, "ಅಂಪೊಮಾರ ಪ್ರೇಮಪತ್ರಾನೇ ಕೊಂಡವನು ನಾನು, ನನ್ನ ಹತ್ರ ಚೌಕಾಸಿನಾ?" ಎನ್ನುತ್ತಾನೆ. "ಬಂದ್ರಪ್ಪಾ ಯಜಮಾನ್ರು!" ಎಂದು ಯಾರಾದರೂ ಕಿಚಾಯಿಸಿದರೆ ಇನ್ನಷ್ಟು ಬೀಗುತ್ತಾನೆ. ಮೊನ್ನೆ ಅಂಪೊಮಾರ ಮಗನೇ ಬಂದು, ಅಪ್ಪ ಸೆರೆಮನೆಯಿಂದ ಅಮ್ಮನಿಗೆ ಬರೆದ ಪತ್ರಗಳನ್ನಾದರೂ ಮನೆಗೆ ಕೊಡಿ ಎಂದು ಹಟ ಹಿಡಿದ. ಅಧಿಕಾರಿಗಳು ತಡವರಿಸಿದರು. ಡಾರ್ಕೋ ಮಾತ್ರ, "ಕೊಡಲ್ಲ. ನಾಳೆ ನನ್ನ ಮೊಮ್ಮಗಳು ಓದ್ಬೇಕು" ಎಂದ. ಆ ಮಗನ ಕಣ್ಣು ತುಂಬಿದ್ದು ಕಂಡು ತನ್ನ ಕುರ್ಚಿಯನ್ನೇ ಎಳೆದುಕೊಟ್ಟ: "ಒಯ್ಯೋಕಾಗಲ್ಲ ಮಗಾ. ಇಲ್ಲೇ ಕೂತ್ಕೊ, ಎಷ್ಟು ಹೊತ್ತಾದ್ರೂ ಓದು. ನಿನ್ನ ಯಾರೂ ಎಬ್ಬಿಸದ ಹಾಗೆ ನಾನು ನೋಡ್ಕೋತೀನಿ." ಆಗ ಆ ದೊಡ್ಡ ಮನೆಯ ಮಗ, ಕುಲದ ಹಿರಿಯರೆದುರು ಮಾಡುವಂತೆ, ಹೊದ್ದ ವಸ್ತ್ರವನ್ನು ಹೆಗಲಿನಿಂದ ಜಾರಿಸಿ, ಬಾಳೆಕಾಯಿ ವ್ಯಾಪಾರಿಯ ಮುಂದೆ ಬರಿಹೆಗಲಲ್ಲಿ ನಿಂತು, "ಓದೋಕೆ ಅಪ್ಪಣೆ ಕೊಡಿ ವೋಫಾ" ಎಂದ.