ಏಣಿಯ ಮೇಲಿನ ಅಂಜಿಕೆ

ಸ್ಟೇಷನ್ ರಸ್ತೆಯ ನಮ್ಮ ಎಲೆಕ್ಟ್ರಿಷಿಯನ್ ಟೆಸ್ಟರ್ ಮುಟ್ಟಿದ್ದನ್ನು ನಾನು ಕಂಡಿಲ್ಲ. ವೈರಿನಲ್ಲಿ ಕರೆಂಟ್ ಇದೆಯೇ ಎಂದು ಬೆರಳಿನಿಂದಲೇ ನೋಡುತ್ತಿದ್ದರು. ನಾವು ಚೀರಿದರೆ, "ಅಂಜೂದಂದ್ರ ಏನ್ರಿ?" ಎಂದು ಮೀಸೆ ತಿರುವುತ್ತಿದ್ದರು. ಅಂಥವರು ಭಾನುವಾರ ಚರ್ಚಿನಲ್ಲಿ ಮಾತ್ರ ಬಾಗಿಲ ಬಳಿಯೇ ಮುದುಡಿ ಕೂರುತ್ತಿದ್ದರು. ಮುಂದೆ ಕರೆದರೆ, ಚಪ್ಪಲಿ ಕಾಯಬೇಕೆಂಬ ನೆಪ. ಆ ಚಪ್ಪಲಿಯನ್ನು ನಾಯಿಯೂ ಮೂಸುತ್ತಿರಲಿಲ್ಲ.

ಒಮ್ಮೆ ಕ್ರಿಸ್‌ಮಸ್ಸಿನ ಹೊತ್ತಿಗೆ ಶಿಲುಬೆಯ ಮೇಲಿನ ಬಲ್ಬ್ ಹೋಯಿತು. ಅವರನ್ನೇ ಕರೆದೆವು. ಅವರು ಕೈಕಾಲು ತೊಳೆದರು, ಟೋಪಿ ತೆಗೆದರು, ನಾನು ಕಂಡಂತೆ ಮೊದಲ ಸಲ ಮೇನ್ ಸ್ವಿಚ್ಚನ್ನೂ ಆರಿಸಿ ಏಣಿ ಹತ್ತಿದರು. ಬಲ್ಬ್ ಕೂರಿಸಿದ್ದೂ ಆಯಿತು. ಆಮೇಲೆ ಕಿಟಕಿಯ ಬಿಸಿಲು ಬಿದ್ದಿದ್ದ ಶಿಲುಬೆಗೆ ಮುಖಾಮುಖಿಯಾಗಿ ನಿಂತವರು ಹೇಗೆ ನಡುಗಿದರೆಂದರೆ, ಏಣಿಯೇ ಗಡಗಡ ಅಲುಗಿತು.

ಕೆಳಗೆ ಏಣಿ ಹಿಡಿದಿದ್ದ ನಾನು ಸುಮ್ಮನಿರಲಿಲ್ಲ.

"ಏನ್ರಿ, ಅಂಜೂದಂದ್ರ ಏನಂತ ಗೊತ್ತಾತಿಲ್ಲೋ?"

"ಗೊತ್ತಾತ್ರಿ."

"ಹಂಗಾರ ಲಗೂನ ಇಳೀರಿ. ಕೆಲಸ ಮುಗೀತಲ್ಲ."

ಅವರು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಶಿಲುಬೆಯಿಂದ ಮುಖ ಮಾತ್ರ ತಿರುಗಿಸಲಿಲ್ಲ.

"ಸ್ವಲ್ಪ ತಡೀರಿ. ಅಂಜಿಕಿ ಭಾಳ ಆಗೇತಿ, ಇಳಿಯಾಕ ಮನಸ್ಸಽ ಆಗವಲ್ದು."