ಕೀಲಿ ಹಾಕಿದ ಬಿಪಿ ಮಷೀನ್

ನನ್ನ ಅಕ್ಷರ ಚಂದ ಅದಾವ ಅಂತ ಯಾರರೆ ಅಂದ್ರ ನನಗ ಇವತ್ತಿಗೂ ಮೈ ಉರೀತೈತಿ. ಯಾಕಂತ ಹೇಳ್ತೇನಿ ಕೇಳ್ರಿ.

ಬಾಗಲಕೋಟಿಯೊಳಗ ನರ್ಸಿಂಗ್ ಮೂರನೇ ವರ್ಷ ಓದಾಕತ್ತಿದ್ದೆ. ಹೆರಿಗಿ ವಾರ್ಡಿನ ಡ್ಯೂಟಿಗೆ ನಮ್ಮನ್ನ ಹುನಗುಂದದ ಕಡಿ ಒಂದು ದವಾಖಾನಿಗೆ ಹಾಕಿದ್ರು. ಹೆಸರು ಬ್ಯಾಡ ಬಿಡ್ರಿ. ನನಗ ಖುಷಿನ ಆಗಿತ್ತು, ಇಳಕಲ್ಲಿನ ನಮ್ಮ ಮನಿಯಿಂದನ ಬಸ್ಸಿಗೆ ಹೋಗಿ ಬರಬಹುದಿತ್ತು. ಬಿಳಿ ಕೋಟು ಇಸ್ತ್ರಿ ಮಾಡಿ, ಮಗ್ಗದ ಮುಂದ ಕುಂತ ಅಪ್ಪಗ ತೋರಿಸಿ ಹೊಂಟೆ.

ಮೊದಲನೇ ದಿನಾನ ವಾರ್ಡಿನ ಹಿರೇ ಸಿಸ್ಟರ್ ನನ್ನ ನೋಟ್‌ಬುಕ್ ನೋಡಿ, "ಏ ಹುಡಿಗಿ, ಅಕ್ಷರ ಮುತ್ತಿನಂಗ ಅದಾವಲ್ಲ, ಚಾರ್ಟ್ ಎಲ್ಲಾ ನೀನ ಬರಿ" ಅಂದ್ಲು. ಆಕಿಗೆ ಇಲ್ಲಿ ಬಹುವಚನ ಕೊಡಾಕ ನನಗ ಮನಸಿಲ್ಲ. ಬಿಪಿ ಮಷೀನ್ ಎಲ್ಲೈತ್ರಿ ಅಂತ ಕೇಳಿದೆ. ಕಪಾಟಿನ್ಯಾಗೈತಿ, ಕೀಲಿ ಹಾಕೇನಿ, ನೀವು ಹುಡುಗ್ಯಾರು ಕೆಡಸ್ತೀರಿ ಅಂದ್ಲು. ಮ್ಯಾಲಿನ ಸಾಹೇಬ್ರು ತಪಾಸಣಿಗೆ ಬಂದಾಗ ಅಷ್ಟ ಅದು ಹೊರಗ ಬರೂದಂತ. ಮತ್ತ ನಾ ಏನ ಬರೀಲಿ? "ನೂರಾ ಇಪ್ಪತ್ತು, ಎಂಬತ್ತು ಬರಿ. ಒಂದೊಂದಕ್ಕ ಎರಡು ಹೆಚ್ಚು ಕಡಿಮಿ ಮಾಡು. ಎಲ್ಲಾ ಒಂದ ಇದ್ರ ಚಂದ ಕಾಣಂಗಿಲ್ಲ."

ಬರದೆ. ಯಾಕ ಸುಳ್ಳು ಹೇಳ್ಲಿ, ಬರದೆ. ನನ್ನ ಕೇಸ್‌ಬುಕ್ಕಿಗೆ ಆಕಿ ಸಹಿ ಬೇಕಿತ್ತು. ಸಹಿ ಇಲ್ಲಂದ್ರ ಪರೀಕ್ಷಾಕ್ಕ ಕೂಡ್ಸಂಗಿಲ್ಲ.

ಕಿಡಕಿ ಕಡಿ ಕಾಟಿನ ಮ್ಯಾಲ ಒಬ್ಬಾಕಿ ಒಂಬತ್ತು ತಿಂಗಳ ಬಸರಿ ಇದ್ಲು. ಕುರಿ ಕಾಯೂ ಮನಿತನದಾಕಿ, ಚೊಚ್ಚಲ ಹೆರಿಗಿ. ನಾಕನೇ ದಿನ ಆಕಿ ಅವ್ವ ನನ್ನ ಕೈ ಹಿಡದು ನಿಲ್ಲಿಸಿದ್ಲು. "ಯವ್ವಾ, ಏಳು ತಿಂಗಳಿಗೆ ಕುಬಸ ಮಾಡಿದಾಗ ಇಡಿಸಿದ ಬಳಿ ನೋಡು. ಆವಾಗ ಸಡಿಲ ಆಡ್ತಿದ್ವು, ಈಗ ಹೊಳ್ಳವಲ್ವು. ತಲಿ ಸಿಡಿತೈತಿ ಅಂತಾಳ, ಕಣ್ಣಿಗೆ ಮಂಜು ಮಂಜಂತ."

ಹಸರು ಬಳಿ ಮುಂಗೈಯೊಳಗ ಹೂತಿದ್ವು. ಬಾವು, ತಲಿಶೂಲಿ, ಕಣ್ಣು ಮಂಜು. ಬಸರಾದಾಗ ಬಿಪಿ ಏರಿದ್ರ ಹಿಂಗ ಆಗ್ತೈತಿ, ಫಿಟ್ಸ್ ಬಂದು ತಾಯಿ ಕೂಸು ಇಬ್ರೂ ಹೋಗಬಹುದು ಅಂತ ಪರೀಕ್ಷಾದಾಗ ಬರದು ಪೂರಾ ಮಾರ್ಕ್ಸ್ ತಗೊಂಡಾಕಿ ನಾ. ಚಾರ್ಟ್ ನೋಡಿದೆ. ನೂರಾ ಹದಿನೆಂಟು, ಎಪ್ಪತ್ತೆಂಟು. ಮೂರೂ ದಿನದ್ದು ನನ್ನ ಅಕ್ಷರ. ಡಾಕ್ಟರು ಅದನ್ನ ನಂಬಿ ದಿನಾ ಆಕಿನ್ನ ದಾಟಿ ಮುಂದ ಹೋಗಿದ್ರು.

ಓಡಿ ಹೋಗಿ ಕೀಲಿಕೈ ಕೇಳಿದೆ. "ಬಸರಾದಾಗ ಎಲ್ಲಾರಿಗೂ ಬಾವು ಬರ್ತೈತಿ, ಹೋಗ" ಅಂದ್ಲು ಸಿಸ್ಟರ್. "ಕೀಲಿಕೈ ಕೊಡ್ರಿ!" ಅಂತ ಇಡೀ ವಾರ್ಡಿಗೆ ಕೇಳೂವಂಗ ಒದರಿದೆ. ಹಲ್ಲು ಕಡಕೋತ ಕೊಟ್ಲು. ತೋಳಿಗೆ ಪಟ್ಟಿ ಸುತ್ತಿ ನೋಡಿದ್ರ ನೂರಾ ಎಪ್ಪತ್ತು, ನೂರಾ ಹತ್ತು. ಡಾಕ್ಟರ ಕೋಣಿ ಕಡಿ ಹೊಂಟೆ.

"ಡಾಕ್ಟರ್‌ಗೆ ಈಗಷ್ಟ ಏರೇತಿ ಅನ್ನು" ಅಂತ ಸಿಸ್ಟರ್ ಅಡ್ಡ ಬಂದು ನನ್ನ ಕಿವ್ಯಾಗ ಅಂದ್ಲು. "ಇಲ್ಲಂದ್ರ ಸುಳ್ಳು ಬರದಾಕಿ ನೀನ. ಅಕ್ಷರ ನಿಂದು." ಎಂಥಾ ಹುನ್ನಾರ ನೋಡ್ರಿ! ಹಂಗಂದ್ರ ಡಾಕ್ಟರು ಇನ್ನೊಂದು ತಾಸು ನೋಡೂನು ಅಂತಿದ್ರು. ಆ ಒಂದು ತಾಸು ಯಾರಪ್ಪಂದು?

ಡಾಕ್ಟರ ಮುಂದ ಹೋಗಿ ನಿಂತು, "ಸರ್, ಮೂರು ದಿನದ ಚಾರ್ಟ್ ಸುಳ್ಳು. ನಾನ ಬರದೇನ್ರಿ. ಯಾರೂ ಬಿಪಿ ನೋಡಿಲ್ಲ" ಅಂದೆ. ಡಾಕ್ಟರು ನನ್ನ ಹೊಡದ ಬಿಡ್ತಾರೇನೋ ಅನ್ನೂವಂಗ ನೋಡಿದ್ರು. ಇಂಜೆಕ್ಷನ್ ಕೊಟ್ಟು, ಹತ್ತ ನಿಮಿಷದಾಗ ಆಂಬುಲೆನ್ಸ್ ಹತ್ತಿಸಿ ಬಾಗಲಕೋಟಿಗೆ ಕಳಿಸಿದ್ರು. ಗಾಡಿ ಹತ್ತೂ ಮುಂದ ಆ ಅವ್ವ ನನ್ನ ಗಲ್ಲ ಸವರಿ, "ನಿನ್ನ ಹೊಟ್ಟಿ ತಣ್ಣಗಿರ್ಲಿ ನನ್ನವ್ವ" ಅಂದ್ಲು. ಮೂರು ದಿನ ತನ್ನ ಮಗಳ ಕೈ ಸೈತ ಮುಟ್ಟಲಾರದ ಬರದಾಕಿ ನಾನ ಅಂತ ಆಕಿಗೆ ಏನ ಗೊತ್ತು? ನಾಚಿಕಿಗೆ ಸತ್ತ ಹೋಗಬೇಕು ಅನಿಸ್ತು.

ತಾಯಿ ಕೂಸು ಇಬ್ರೂ ಉಳದ್ರು. ನನ್ನ ಕೇಸ್‌ಬುಕ್ಕಿಗೆ ಸಹಿ ಬೀಳಲಿಲ್ಲ. ಹಿರಿಯರಿಗೆ ಎದುರು ಮಾತಾಡ್ತಾಳ, ಶಿಸ್ತಿಲ್ಲ ಅಂತ ಸಿಸ್ಟರ್ ಕಾಲೇಜಿಗೆ ಬರದು ಕಳಿಸಿದ್ಲು. ಕೀಲಿ ಹಾಕಿದಾಕಿನ್ನ ಯಾರೂ ಏನೂ ಕೇಳಲಿಲ್ಲ. ಸಹಿ ಇಲ್ಲದ ಡ್ಯೂಟಿ ಲೆಕ್ಕಕ್ಕಿಲ್ಲಂತ ಕಾಲೇಜಿನವರು ಅದ ವಾರ್ಡಿಗೆ ನನ್ನ ಮತ್ತೊಮ್ಮೆ ಹಾಕಿದ್ರು.

ಹೋದೆ. ಅದ ಸಿಸ್ಟರ್, ಅದ ಕಪಾಟ, ಅದ ಕೀಲಿ. ಚಾರ್ಟಿನ ಗಂಟು ನನ್ನ ಮುಂದ ಒಗದು, "ಬಂದ್ಯಾ? ಕುಂತು ಬರಿ. ಈ ಸಲ ಸಹಿ ಬೇಕೋ ಬ್ಯಾಡೋ?" ಅಂದ್ಲು.

ಪೆನ್ನು ಮೇಜಿನ ಮ್ಯಾಲ ಇಟ್ಟೆ.

"ಕೀಲಿಕೈ ಕೊಡ್ರಿ" ಅಂದೆ.